ಹಳೆಯ ಹೆಸರಿಗೊಂದು ಮೆಚ್ಚುಮಾತು

ದೇವನಹಳ್ಳಿ, ಹೊಸಕೋಟೆಗಳ ಕಡೆಯ ಯಾವುದಾದರೊಂದು ನಾಡಕಚೇರಿಯಲ್ಲಿ ಪಿಂಚಣಿಯ ಕಾಗದ ಹಿಡಿದು ಕುಳಿತ ವೃದ್ಧೆಯರನ್ನು ಗುಮಾಸ್ತನು ಮುನಿಯಮ್ಮ, ಪಿಳ್ಳಮ್ಮ, ಲಕ್ಕಮ್ಮ, ಹನುಮಕ್ಕ ಎಂದು ಒಬ್ಬೊಬ್ಬರನ್ನಾಗಿ ಕೂಗುವುದನ್ನು ಕಿವಿಗೊಟ್ಟು ಕೇಳಿದವರಿಗೆ, ಈ ಸೀಮೆಯ ದೇವತಾಪರಿವಾರವೇ ಹಾಜರಿ ಕೊಡುತ್ತಿರುವಂತೆ ತೋರದಿರದು. ಅದೇ ಊರಿನ ಶಾಲೆಯ ಹಾಜರಿಪುಸ್ತಕದಲ್ಲಾದರೋ ಮೋಕ್ಷಿತ್, ಲಿಖಿತ್, ಧನ್ವಿತ್ ಎಂಬ ಪ್ರಾಸವೇ ಪ್ರಧಾನ. ಹೊಸ ಹೆಸರಿನ ಮಕ್ಕಳ ಮೇಲೆ ನನಗೆ ಮುನಿಸಿಲ್ಲ. ಹಳೆಯ ಹೆಸರು ಹೊತ್ತವರಿಗೆ ಸಲ್ಲಬೇಕಾದ ಒಂದು ಮೆಚ್ಚಿನ ಮಾತನ್ನು ನಾವು ಬಾಕಿ ಉಳಿಸಿಕೊಂಡಿದ್ದೇವೆ ಎಂಬುದಷ್ಟೇ ನನ್ನ ವಾದ.

ಈ ಹೆಸರುಗಳಿಗೆ ನೆಲೆಯುಂಟು. ಹೊಲದಂಚಿನ ಮುನೇಶ್ವರನಿಂದ ಮುನಿಯಪ್ಪ, ಮುನಿಯಮ್ಮ. ನೆಲಮಂಗಲದ ಶಿವಗಂಗೆಯಿಂದ ಗಂಗಾಧರಯ್ಯ, ಹೊನ್ನಮ್ಮ. ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲಿಗೆ ಹರಕೆ ಹೊತ್ತು ಪಡೆದ ಮಕ್ಕಳು ಸುಬ್ಬಮ್ಮ, ನಾಗಪ್ಪ. ಆವತಿ ನಾಡಪ್ರಭುಗಳ ಮಲ್ಲಬೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಬೈರೇಗೌಡ ಎಂಬ ಹೆಸರು ಐದು ಶತಮಾನಗಳಾಚೆಗೂ ಇಲ್ಲಿ ಚಲಾವಣೆಯಲ್ಲಿದೆ.

ಮನೆಯೊಳಗೆ ಈ ಹೆಸರುಗಳ ಸೊಗಸೇ ಬೇರೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವುದು ವಾಡಿಕೆಯಾದ್ದರಿಂದಲೂ, ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡಬಾರದಾದ್ದರಿಂದಲೂ, ಹೆತ್ತ ಮಗಳನ್ನೇ ಹೆಸರು ಹಿಡಿದು ಗದರುವ ಹಕ್ಕು ತಾಯಿಗೆ ತಪ್ಪಿ, ಆ ಕೂಸು ಪುಟ್ಟಮ್ಮನಾಗಿಯೇ ಬೆಳೆಯುತ್ತಿತ್ತು. (ಅತ್ತೆಯರಿಗೆ ಇದಕ್ಕಿಂತ ಭದ್ರವಾದ ರಕ್ಷೆಯನ್ನು ಯಾವ ಶಾಸ್ತ್ರವೂ ಕೊಟ್ಟಿರಲಾರದು.) ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿನ ಕಣ್ಣಿಗೆ ತುಚ್ಛವಾಗಿ ಕಾಣಲೆಂದು, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮನೆಂದು ಕರೆದರು. ಯಾರೂ ಮೆಚ್ಚಬಾರದೆಂದೇ ಇಟ್ಟ ಹೆಸರನ್ನು ಮೆಚ್ಚಬಹುದೆ? ಧಾರಾಳವಾಗಿ, ಆ ಕೂಸು ಎಪ್ಪತ್ತು ದಾಟಿ ಎಲೆ ಅಡಿಕೆ ಮೆಲ್ಲುತ್ತಿರುವಾಗ ದೃಷ್ಟಿಯ ಭಯವೆಲ್ಲಿಯದು?

ದೇವನಹಳ್ಳಿಯನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲೇ ಹೊತ್ತ ಡಿ.ವಿ. ಗುಂಡಪ್ಪನವರು 1943ರಲ್ಲಿ ಕಗ್ಗವನ್ನು ಹೊರತಂದಾಗ, ಬಾಳಿನ ಬಗೆಗಿನ ತಮ್ಮ ಸಮಸ್ತ ಚಿಂತನೆಗೂ ಅಂಕಿತವಾಗಿ ಆರಿಸಿಕೊಂಡದ್ದು ಯಾವ ಋಷಿಯ ಹೆಸರನ್ನೂ ಅಲ್ಲ, ಮಂಕುತಿಮ್ಮನನ್ನು. ಹುಲಿಕಲ್ಲು–ಕುದೂರು ದಾರಿಯುದ್ದಕ್ಕೂ ಆಲದ ಸಾಲು ಬೆಳೆಸಿ 2019ರಲ್ಲಿ ಪದ್ಮಶ್ರೀ ಪಡೆದ ತಿಮ್ಮಕ್ಕನವರ ಮಾಗಡಿ ತಾಲ್ಲೂಕು 2007ರವರೆಗೆ ಈ ಸೀಮೆಯ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಇಂಥ ಹೆಸರಿಗೆ ನಾಚುವ ಕಾರಣವಾದರೂ ಏನು?

ಕಾರಣವಿಲ್ಲವೆಂದು ಸಾರಾಸಗಟಾಗಿ ಹೇಳಿಬಿಡುವುದೂ ಅನ್ಯಾಯವೇ. ಊರಾಚೆಯ ಕೇರಿಯವರನ್ನು, ಕೊನೆಯ ಅಪ್ಪ ಅಮ್ಮಗಳನ್ನೂ ಕತ್ತರಿಸಿ, ಮುನಿಯ, ಕೆಂಪಿ ಎಂದು ಕೂಗಿದ ಕಾಲವಿತ್ತು. ಆ ಮನೆಯ ಮಕ್ಕಳು ಅಕ್ಷರ ಕಲಿತು ಹೆಸರು ಬದಲಿಸಿಕೊಂಡಿದ್ದರೆ ಅದು ಸ್ವಾಭಿಮಾನದ ಕಾರ್ಯ. ಹಳೆಯದೇ ಚೆನ್ನಾಗಿತ್ತೆಂದು ಅವರಿಗೆ ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ನಗರದಿಂದ ಬಂದ ಯುವಕರು ಪಿಳ್ಳಮ್ಮನ ಹೆಸರನ್ನು ಕೇಳಿ, ಸಂತೆಯ ಗೊಂಬೆಯನ್ನು ಕಂಡಂತೆ, ‘ಕ್ಯೂಟ್’ ಎಂದು ನಕ್ಕರೆ ಅದೂ ಮೆಚ್ಚುಗೆಯಲ್ಲ.

ಮೆಚ್ಚುವ ಬಗೆ ಬಲು ಸುಲಭ. ಬಸ್ಸಿನಲ್ಲೋ ಆಸ್ಪತ್ರೆಯ ಬೆಂಚಿನಲ್ಲೋ ಪಕ್ಕದಲ್ಲಿ ಕುಳಿತ ಹಿರಿಯರ ಹೆಸರು ತಿಳಿದಾಗ, “ಒಳ್ಳೇ ಹೆಸರು ಕಣಮ್ಮ, ಯಾರ ಹೆಸರು ಇಟ್ರು ನಿಮಗೆ?” ಎಂದು ಕೇಳಿರಿ. ಆ ತಾಯಿ ಮನೆದೇವರಿಂದ ಮೊದಲುಮಾಡಿ ಮುತ್ತಜ್ಜಿಯವರೆಗೆ ಬಂದು ಮುಗಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟು ವ್ಯವಧಾನವಿದ್ದರೆ ಮಾತ್ರ ಕೇಳಿರಿ.