ಸಾವಿರದ ಹೊಸ್ತಿಲನ್ನು ಕಿತ್ತುಹಾಕಿ

ಒಂದು ಹಾಡನ್ನು ವರ್ಷದಲ್ಲಿ ಜನ 999 ಸಲ ಕೇಳಿದರೂ ಅದನ್ನು ಮಾಡಿದವರಿಗೆ ಸ್ಪಾಟಿಫೈ ಕೊಡುವ ರಾಯಲ್ಟಿ ಸೊನ್ನೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಕೇಳಿಕೆ ದಾಟದ ಹಾಡಿನ ಧ್ವನಿಮುದ್ರಣಕ್ಕೆ ಕಾಸಿಲ್ಲ ಎಂಬ ಈ ನಿಯಮ 2024ರಿಂದ ಜಾರಿಯಲ್ಲಿದೆ. ತಲಾ 900 ಕೇಳಿಕೆಯ ಹತ್ತು ಹಾಡುಗಳ ಆಲ್ಬಂ ಇದೆ ಎನ್ನಿ. ಒಟ್ಟು 9,000 ಸಲ ಯಾರೋ ಕಿವಿಗೊಟ್ಟಿದ್ದಾರೆ, ಆದರೂ ಬಿಡಿಗಾಸು ಹುಟ್ಟುವುದಿಲ್ಲ. ಆ್ಯಪಿನಲ್ಲಿ ಕಲಾವಿದರ ಪುಟ ತೆರೆದು ನೋಡಿ: ಸಾವಿರ ಮುಟ್ಟದ ಹಾಡಿನ ಮುಂದೆ ನಿಜವಾದ ಸಂಖ್ಯೆಯೂ ಇರುವುದಿಲ್ಲ, ‘<1,000’ ಎಂಬ ಗುರುತಷ್ಟೇ.

ಇಂಥ ಹಾಡುಗಳ ಗಳಿಕೆ ಸರಾಸರಿ ತಿಂಗಳಿಗೆ 3 ಸೆಂಟ್, ಆ ಚಿಲ್ಲರೆ ಹಣ ಕಲಾವಿದರ ಕೈಗೆ ತಲುಪುವುದೇ ಇಲ್ಲ ಎಂಬುದು ಕಂಪನಿಯ ಸಮಜಾಯಿಷಿ. ತಲುಪದಿದ್ದರೆ ಅವರ ಹೆಸರಿನಲ್ಲಿ ಜಮಾ ಇರಲಿ, ಕೂಡಿದಾಗ ಕೊಡಲಿ. ಈ ಚಿಲ್ಲರೆಯೆಲ್ಲ ಸೇರಿದರೆ ವರ್ಷಕ್ಕೆ ಕೋಟ್ಯಂತರ ಡಾಲರ್ ಎಂದದ್ದೂ ಅದೇ ಕಂಪನಿ. ಆ ಮೊತ್ತವನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ, ನಿಜ. ಸಾವಿರ ದಾಟಿದವರಿಗೆ ಹಂಚುತ್ತದೆ. ಇಲ್ಲದವರಿಂದ ಕಿತ್ತು ಉಳ್ಳವರಿಗೆ ಕೊಡುವುದು ಯಾವ ನ್ಯಾಯ?

ಹಾಡು ಚೆನ್ನಾಗಿದ್ದರೆ ಜನ ಕೇಳಿಯೇ ಕೇಳುತ್ತಾರೆ ಎನ್ನುವವರಿದ್ದಾರೆ. ಕಿವಿಗೆ ಬಿದ್ದರೆ ತಾನೆ ಕೇಳುವುದು? ಯಾವ ಹಾಡು ಯಾರ ಕಿವಿಗೆ ಬೀಳಬೇಕೆಂದು ತೀರ್ಮಾನಿಸುವುದೂ ಬಹುಪಾಲು ಅದೇ ಆ್ಯಪ್. ‘ಡಿಸ್ಕವರಿ ಮೋಡ್’ ಎಂಬ ಅದರ ಯೋಜನೆಯಲ್ಲಿ ಹಾಡನ್ನು ಹೆಚ್ಚು ಮುಂದೆ ತರಬೇಕಾದರೆ, ಹಾಗೆ ಬಂದ ಕೇಳಿಕೆಗಳ ರಾಯಲ್ಟಿಯಲ್ಲಿ ಶೇ 30ರಷ್ಟನ್ನು ಕಂಪನಿಗೆ ಬಿಟ್ಟುಕೊಡಬೇಕು. ದಾರಿಗೆ ಸುಂಕ ಹಾಕಿದವರೇ ‘ನೀವೇಕೆ ಊರು ತಲುಪಲಿಲ್ಲ’ ಎಂದು ದಂಡ ವಿಧಿಸುತ್ತಿದ್ದಾರೆ.

ಕನ್ನಡಕ್ಕೆ ಇದರ ಪೆಟ್ಟು ಜೋರು. ಸಿನಿಮಾದ ಹೊರಗೆ ಹಾಡು ಕಟ್ಟುವುದು ನಮಗೆ ಹೊಸದಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿನ ಜೊತೆ ಹಾಡಿದರು. ಭಾವಗೀತೆಗಳಿಗೆ ಆಕಾಶವಾಣಿಯಿತ್ತು, ಕ್ಯಾಸೆಟ್ ಅಂಗಡಿಯಿತ್ತು, ಗಣೇಶೋತ್ಸವದ ಪೆಂಡಾಲಿತ್ತು. ಇಂದು ಮಲಗುವ ಕೋಣೆಯಲ್ಲೇ ಮೈಕ್ ಇಟ್ಟು ಕನ್ನಡದಲ್ಲೋ ತುಳುವಿನಲ್ಲೋ ಕೊಡವದಲ್ಲೋ ಹಾಡುವ ಹುಡುಗ ಹುಡುಗಿಯರಿಗೆ ಏನಿದೆ? ಖಾಸಗಿ ಎಫ್‌ಎಂ ವಾಹಿನಿಗಳು ಬೆಳಗಿನಿಂದ ರಾತ್ರಿಯವರೆಗೆ ಸಿನಿಮಾ ಹಾಡುಗಳನ್ನೇ ತಿರುಗಿಸುತ್ತವೆ. ದಿನಕ್ಕೆ ಒಂದು ಗಂಟೆಯನ್ನಾದರೂ ಸಿನಿಮಾದಾಚೆಯ ಹೊಸ ಹಾಡಿಗೆ ಮೀಸಲಿಡಲು ಅವುಗಳಿಗೇನು ಕಷ್ಟ?

ಸ್ಪಾಟಿಫೈ ಈ ನಿಯಮವನ್ನು ಹಿಂತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಕೇಳುಗರಾದ ನಾವೂ ಸುಮ್ಮನಿರಬೇಕಿಲ್ಲ. ಪ್ಲೇಲಿಸ್ಟ್ ಬಡಿಸಿದ್ದನ್ನೇ ಉಣ್ಣದೆ, ಹೊಸ ಗಾಯಕರ ಹೆಸರನ್ನು ಟೈಪ್ ಮಾಡಿ ಹುಡುಕಿ. ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನೀವು ಪೂರ್ತಿ ಕೇಳಿ, ಇಷ್ಟವಾದರೆ ಇನ್ನೊಬ್ಬರಿಗೆ ಕಳಿಸಿ.