ಜಮೀನು ದಲ್ಲಾಳಿಗೆ ಕೊಡುವ ಹಣ ಯಾವ ಕೆಲಸಕ್ಕೆ?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಜಮೀನು ಮಾರಾಟದ ಮಾತು ಎದ್ದಲ್ಲೆಲ್ಲ ದಲ್ಲಾಳಿಯ ಹೆಸರೂ ಏಳುತ್ತದೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ್ದಾರೆ, ಕೊನೆ ತೆಗೆಯಲು ಆಳು ಸಿಗುವುದಿಲ್ಲ, ಕೊಳೆರೋಗದ ಜೊತೆಗೆ ಈಗ ಎಲೆಚುಕ್ಕೆ ರೋಗವೂ ಅಡಿಕೆಯ ಬೆನ್ನು ಹತ್ತಿದೆ. ಇಂಥ ಹೊತ್ತಿನಲ್ಲಿ ವಯಸ್ಸಾದ ರೈತ ದಂಪತಿಗಳ ಅಂಗಳಕ್ಕೆ ಗಿರಾಕಿಯನ್ನು ಕರೆತರುವವನು ದಲ್ಲಾಳಿ. ಅವನು ಪಡೆಯುವ ಕಮಿಷನ್ ನ್ಯಾಯವೇ ಎಂಬ ಪ್ರಶ್ನೆಯನ್ನು ಕೋಪದಿಂದಲ್ಲ, ಲೆಕ್ಕ ಹಿಡಿದು ಕೇಳಬೇಕಾಗಿದೆ.

ಈ ನೆಲಕ್ಕೆ ಒಂದು ಇತಿಹಾಸವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ಗೇಣಿದಾರನಿಗೆ ಒಡೆತನದ ದಾರಿ ತೆರೆಯಿತು. ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು ಹಾಗೂ ಹೆಚ್ಚಿನ ಕೃಷಿಯೇತರ ಆದಾಯವುಳ್ಳವರು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದವು. 2020ರ ತಿದ್ದುಪಡಿ ಆ ಬೇಲಿಯನ್ನು ಕಿತ್ತುಹಾಕಿತು. ಮೊದಲು ಕೊಳ್ಳುವವನು ಹೆಚ್ಚಾಗಿ ಆಸುಪಾಸಿನ ಊರಿನವನೇ ಆಗಿರುತ್ತಿದ್ದ, ಬೆಲೆಯೂ ಊರಿಗೆಲ್ಲ ತಿಳಿದಿರುತ್ತಿತ್ತು. ಈಗ ಕೊಳ್ಳುವವನಿಗೆ ಮಣ್ಣು ತಿಳಿಯದು, ಮಾರುವವನಿಗೆ ಪೇಟೆಯ ಬೆಲೆ ತಿಳಿಯದು. ಈ ಎರಡು ಅರಿಯದಿರುವಿಕೆಗಳ ನಡುವಿನ ಕಂದರದಲ್ಲಿಯೇ ದಲ್ಲಾಳಿಯ ವ್ಯಾಪಾರ ನಿಂತಿದೆ.

ದಲ್ಲಾಳಿ ಏನೂ ಮಾಡುವುದಿಲ್ಲ ಎನ್ನುವುದು ಸುಳ್ಳು. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದಿರುತ್ತದೆ. ಪೋಡಿ ಆಗಿರುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಕಾಗುತ್ತದೆ. ವಂಶವೃಕ್ಷ, ಋಣಭಾರ ಪತ್ರ, ಹನ್ನೊಂದು-ಇ ನಕ್ಷೆ ಎಂದು ತಾಲ್ಲೂಕು ಕಚೇರಿಗೆ ಹತ್ತಾರು ಸಲ ಅಲೆಯಬೇಕಾಗುತ್ತದೆ. ಇವೆಲ್ಲವನ್ನೂ ಪ್ರಾಮಾಣಿಕವಾಗಿ ಮಾಡಿಸಿ, ಹಣ ಮಾರುವವನ ಖಾತೆಗೆ ಬರುವವರೆಗೆ ಜೊತೆಗೆ ನಿಲ್ಲುವವನಿಗೆ ಕೂಲಿ ಸಲ್ಲಲೇಬೇಕು. ಅಂಥವರು ಈ ಮೂರು ತಾಲ್ಲೂಕುಗಳಲ್ಲಿಯೂ ಇದ್ದಾರೆ.

ತೊಡಕು ಇರುವುದು ಕೂಲಿಯಲ್ಲಲ್ಲ, ಕೂಲಿಯನ್ನು ಅಳೆಯುವ ಕೊಳಗದಲ್ಲಿ. 40 ಲಕ್ಷ ರೂಪಾಯಿಯ ಒಂದು ತೋಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನೂರಕ್ಕೆ ಎರಡರಂತೆ ಕಮಿಷನ್ 80 ಸಾವಿರ. ಇನ್ನೂ ನಾಲ್ಕು ತಿಂಗಳು ಕಾದು 44 ಲಕ್ಷಕ್ಕೆ ಮಾರಿಸಿದರೆ ರೈತನಿಗೆ 4 ಲಕ್ಷ ಹೆಚ್ಚು, ದಲ್ಲಾಳಿಗೆ ಕೇವಲ 8 ಸಾವಿರ ಹೆಚ್ಚು. ಅಷ್ಟಕ್ಕಾಗಿ ಅವನು ನಾಲ್ಕು ತಿಂಗಳು ಏಕೆ ಕಾಯಬೇಕು? "ಬಂದ ಗಿರಾಕಿಯನ್ನು ಬಿಡಬೇಡಿ" ಎಂಬ ಅವನ ಉಪದೇಶದ ಮೂಲ ಇಲ್ಲಿದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅವರು ಶಿಕಾಗೋ ಪ್ರದೇಶದ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಏಜೆಂಟರು ತಮ್ಮ ಸ್ವಂತ ಮನೆಯನ್ನು ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದಿದ್ದರು, ನೂರಕ್ಕೆ 3.7ರಷ್ಟು ಹೆಚ್ಚಿನ ಬೆಲೆ ಪಡೆದಿದ್ದರು. ಪರರ ಮನೆಗೆ ಆ ತಾಳ್ಮೆ ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ‘ಮೇಲಿನ ಹಣ’ದ ಪದ್ಧತಿ. ರೈತನಿಗೆ ಒಂದು ಬೆಲೆ ಹೇಳಿ, ಚಿಕ್ಕ ಮುಂಗಡಕ್ಕೆ ಕರಾರು ಪತ್ರ ಬರೆಸಿಕೊಂಡು, ಪಟ್ಟಣದ ಗಿರಾಕಿಗೆ ಇನ್ನೊಂದು ಬೆಲೆ ಹೇಳಿ, ನಡುವಿನ ಹಣವನ್ನು ಜೇಬಿಗಿಳಿಸುವ ವ್ಯವಹಾರ ಇದು. ಇದು ಜಾಣತನವೆಂದು ಹಲವರು ತಿಳಿದಿದ್ದಾರೆ. ಕಾನೂನು ಹಾಗೆ ತಿಳಿದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 216ನೇ ಕಲಮಿನಂತೆ, ಒಪ್ಪಿಸಿದವನಿಗೆ ತಿಳಿಸದೆ ಏಜೆಂಟನು ತನ್ನ ಸ್ವಂತಕ್ಕೆ ವ್ಯವಹರಿಸಿ ಗಳಿಸಿದ ಲಾಭವನ್ನು ಒಪ್ಪಿಸಿದವನು ಕೇಳಿ ಪಡೆಯಬಹುದು. 220ನೇ ಕಲಮಿನಂತೆ, ದುರ್ನಡತೆ ಎಸಗಿದ ಏಜೆಂಟನಿಗೆ ಆ ಭಾಗದ ಕೆಲಸಕ್ಕೆ ಸಂಭಾವನೆಯ ಹಕ್ಕೇ ಇಲ್ಲ. ಆದರೆ ಆ ಮನುಷ್ಯ ತನ್ನ ಏಜೆಂಟನಾಗಿದ್ದ ಎಂಬುದನ್ನು ರೈತನೇ ತೋರಿಸಿಕೊಡಬೇಕಾಗುತ್ತದೆ. ಬಾಯಿಮಾತಿನಲ್ಲಿ ನಡೆದ ವ್ಯವಹಾರದಲ್ಲಿ ಅದು ಸುಲಭವಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆ ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿದ್ದು ನೋಂದಾಯಿತ ಬಡಾವಣೆ ಮತ್ತು ವಸತಿ ಯೋಜನೆಗಳ ಮಾರಾಟಕ್ಕೆ. ತೋಟ ತೋಟವಾಗಿಯೇ, ಗದ್ದೆ ಗದ್ದೆಯಾಗಿಯೇ ಕೈಬದಲಾಗುವಲ್ಲಿ ಆ ಕಾಯ್ದೆಯ ಕಾವಲು ಇಲ್ಲ.

ಮಣ್ಣಿನ ಮಾತಿಗೆ ಬಂದರೆ ನಷ್ಟ ಇನ್ನೂ ಆಳವಾದದ್ದು. ಮಲೆನಾಡಿನ ಅಡಿಕೆ ತೋಟ ತನ್ನ ಬೇಲಿಯೊಳಗೆ ಮಾತ್ರ ಬದುಕುವುದಿಲ್ಲ. ಮೇಲಿನ ಸೊಪ್ಪಿನಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಯ ಮೂಲಕ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಬೆಟ್ಟದಲ್ಲಿ ಇಂಗಿದ ನೀರು ಬೇಸಿಗೆಯಲ್ಲಿ ತೋಟದ ಬುಡಕ್ಕೆ ಬರುತ್ತದೆ. ಮಳೆಗಾಲದ ಹೆಚ್ಚುವರಿ ನೀರು ಕಾದಿಗೆಯಲ್ಲಿ ಹರಿದು ಕೆಳಗಿನವರ ಗದ್ದೆ ಸೇರುತ್ತದೆ. ಸೊಪ್ಪಿನಬೆಟ್ಟ ರೈತನ ಖಾಸಗಿ ಆಸ್ತಿಯಲ್ಲ, ಅಲ್ಲಿ ಅವನಿಗಿರುವುದು ಸೊಪ್ಪು, ಸೌದೆ, ಮೇವಿನಂಥ ಬಳಕೆಯ ಸವಲತ್ತು ಮಾತ್ರ. ಹಾಗಿದ್ದೂ "ತೋಟದ ಜೊತೆ ಆರು ಎಕರೆ ಬೆಟ್ಟವೂ ನಿಮ್ಮದೇ" ಎಂದು ಗಿರಾಕಿಗೆ ತೋರಿಸುವುದುಂಟು. ಅದನ್ನು ನಂಬಿದವನು ಬೇಲಿ ಹಾಕುತ್ತಾನೆ, ಯಂತ್ರ ತಂದು ಗುಡ್ಡದ ಮೈ ಕೊರೆಯುತ್ತಾನೆ, ಕಾದಿಗೆ ಮುಚ್ಚುತ್ತಾನೆ. ಕಮಿಷನ್ ಪಡೆದವನು ಅಷ್ಟರಲ್ಲಿ ಮುಂದಿನ ಊರಿನಲ್ಲಿರುತ್ತಾನೆ. ಕೆಳಗಿನ ತೋಟದವನ ಒರತೆ ಬತ್ತಿದರೆ ಯಾವ ಕರಾರು ಪತ್ರದಲ್ಲಿಯೂ ಅದರ ಲೆಕ್ಕವಿಲ್ಲ.

ಹೆದರಿಸಿ ಮಾರಿಸುವ ರೀತಿಯೂ ಇದೆ. "ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಣೆಯಾದರೆ ಜಮೀನು ಮಾರಲಾಗದು, ಈಗಲೇ ಮಾರಿ" ಎಂಬ ಮಾತು ಅದರಲ್ಲೊಂದು. ಪಶ್ಚಿಮ ಘಟ್ಟ ಕುರಿತ 2024ರ ಜುಲೈ 31ರ ಕರಡು ಅಧಿಸೂಚನೆ ತಡೆಯಹೊರಟಿರುವುದು ಗಣಿ, ಕಲ್ಲು ಕ್ವಾರಿ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗೆ ಮೀರಿದ ಕಟ್ಟಡಗಳಂಥವನ್ನು. ಆಸ್ತಿಯ ಒಡೆತನ ಬದಲಾಗುವುದನ್ನು ಅದು ತಡೆಯುವುದಿಲ್ಲ. ಆ ಕರಡಿನ ಬಗೆಗೆ ಊರಿನಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆದರೆ ಭಯದ ಬೆಲೆಗೆ ತೋಟ ಮಾರುವುದು ಅದಕ್ಕೆ ಉತ್ತರವಲ್ಲ.

ಪರಿಹಾರದ ಮಾದರಿ ಮಲೆನಾಡಿನಲ್ಲಿಯೇ ಇದೆ. ಅಡಿಕೆಯನ್ನು ಖಾಸಗಿ ಮಂಡಿಯ ಮರ್ಜಿಗೆ ಬಿಡಬಾರದೆಂದು ಬೆಳೆಗಾರರು 1939ರಲ್ಲಿ ಮ್ಯಾಮ್ಕೋಸ್ ಕಟ್ಟಿಕೊಂಡರು. ಅಲ್ಲಿಯೂ ಕಮಿಷನ್ ಇದೆ. ಆದರೆ ತೂಕ, ಟೆಂಡರಿನ ಬೆಲೆ, ಮುರಿದುಕೊಂಡ ಹಣ ಎಲ್ಲವೂ ಚೀಟಿಯಲ್ಲಿ ಕಾಣುತ್ತವೆ. ವರ್ಷದ ಬೆಳೆಗೆ ಇಷ್ಟು ಎಚ್ಚರ ವಹಿಸಿದ ಸಮಾಜ, ತಲೆಮಾರುಗಳ ಭೂಮಿಯನ್ನು ಬಾಯಿಮಾತಿಗೆ ಒಪ್ಪಿಸುವುದು ವಿಚಿತ್ರ.

ಆದ್ದರಿಂದ ಪ್ರತಿ ಊರಿನ ಸಹಕಾರ ಸಂಘ ಮಾರಾಟಕ್ಕಿರುವ ಜಮೀನಿನ ಒಂದು ಪುಸ್ತಕ ಇಡಲಿ. ಮೊದಲ ಕರೆ ಪಕ್ಕದ ಹಿಡುವಳಿದಾರನಿಗೆ, ಊರಿನ ಯುವಕರಿಗೆ ಹೋಗಲಿ. ದಲ್ಲಾಳಿಯೊಡನೆ ಬರಹದ ಒಪ್ಪಂದ ಇರಲಿ. ಕಮಿಷನ್ ಎಷ್ಟು, ಯಾರಿಂದ, ಯಾವಾಗ ಎಂಬುದು ಅದರಲ್ಲಿರಲಿ. ನೋಂದಣಿಗೆ ಮುನ್ನ ಮಾರುವವನೂ ಕೊಳ್ಳುವವನೂ ಎದುರುಬದುರು ಕುಳಿತು ಬೆಲೆ ಮಾತನಾಡಲಿ. ಕಾಲೇಜಿಗೆ ಹೋಗುವ ಮಕ್ಕಳು ಮೊಬೈಲಿನಲ್ಲಿ ಪಹಣಿ, ಮ್ಯುಟೇಶನ್ ತೆಗೆದು, ‘ದಿಶಾಂಕ್’ನಲ್ಲಿ ಸರ್ವೆ ನಂಬರಿನ ಗಡಿ ನೋಡಿ ಹಿರಿಯರಿಗೆ ಓದಿ ಹೇಳಲಿ. ಅರ್ಧ ದಿನದ ಈ ಕೆಲಸಕ್ಕೆ ಲಕ್ಷ ರೂಪಾಯಿಯ ಕಮಿಷನ್ ಬೇಕಿಲ್ಲ.

ಇಷ್ಟಾದ ಮೇಲೂ ದಲ್ಲಾಳಿಯ ಅಗತ್ಯ ಉಳಿದರೆ ಅವನ ಕೂಲಿಯನ್ನು ಸಂತೋಷದಿಂದ ಕೊಡೋಣ. ಬೆಲೆಯನ್ನು ಬೆಳಕಿನಲ್ಲಿಟ್ಟು ದುಡಿಯುವವನು ಆ ಹಣಕ್ಕೆ ಯೋಗ್ಯ. ಕತ್ತಲನ್ನೇ ಬಂಡವಾಳ ಮಾಡಿಕೊಂಡವನಿಗೆ ನೂರಕ್ಕೆ ಒಂದು ಕೊಟ್ಟರೂ ಅದು ಹೆಚ್ಚೇ.