ತಪ್ಪಿಗೂ ಒಂದು ಅವಕಾಶವಿರಲಿ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ‘ಡಯಾಬ್ಲೊ 2’ ಆಡಲು ಕುಳಿತ. 2000ದಲ್ಲಿ ಬಿಡುಗಡೆಯಾದ ಈ ವಿಡಿಯೊ ಗೇಮ್ 2021ರಲ್ಲಿ ಹೊಸ ರೂಪ ತೊಟ್ಟು ಮರಳಿ ಬಂದಿದೆ. ಹುಡುಗ ಪದವಿ ತರಗತಿಯಲ್ಲಿದ್ದಾನೆ. ಆಟ ಆರಂಭವಾಗುವ ಮೊದಲೇ ಅವನ ಮೊಬೈಲ್‌ನಲ್ಲಿ ಪಟ್ಟಿಯೊಂದು ತೆರೆದುಕೊಂಡಿತ್ತು. ಯಾವ ಪಾತ್ರ ಆರಿಸಬೇಕು, ಯಾವ ಲೆವೆಲ್‌ನಲ್ಲಿ ಯಾವ ವಿದ್ಯೆ ಕಲಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ‘ಮಾವ, ನೀವು ಆಡುವಾಗ ಯಾವ ಪಟ್ಟಿ ನೋಡ್ತಿದ್ರಿ?’ ಎಂದು ಕೇಳಿದ. ಯಾವುದೂ ಇಲ್ಲವೆಂದೆ. ‘ಮತ್ತೆ ಟೈಮ್ ವೇಸ್ಟ್ ಆಗ್ಲಿಲ್ವಾ?’ ಎಂದ.

ಆಗಿತ್ತು, ನಿಜ. 2004ರಲ್ಲಿ ನಾನು ಬೆಳೆಸಿದ ‘ಸಾರ್ಸರೆಸ್’ ಎಂಬ ಮಾಂತ್ರಿಕೆ ಹಲವು ತಿಂಗಳ ಸಂಜೆಗಳನ್ನು ನುಂಗಿ ಕೊನೆಗೆ ನಿಷ್ಪ್ರಯೋಜಕಳಾದಳು. ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇಲ್ಲಿ ಪಾತ್ರ ಒಂದೊಂದು ಲೆವೆಲ್ ಏರಿದಾಗಲೂ ಬಲ, ಚುರುಕು, ಪ್ರಾಣಶಕ್ತಿ, ಮಂತ್ರಶಕ್ತಿಗಳಿಗೆ ಹಂಚಲು ಐದು ಅಂಕ, ವಿದ್ಯೆಗೆ ಒಂದು ಅಂಕ ದೊರೆಯುತ್ತವೆ. ಗರಿಷ್ಠ 99ನೇ ಲೆವೆಲ್ ಮುಟ್ಟಿ, ಕತೆಯ ನಡುವೆ ಸಿಗುವ 12 ಅಂಕಗಳನ್ನೂ ಸೇರಿಸಿಕೊಂಡರೆ ವಿದ್ಯೆಗಾಗಿ ದೊರೆಯುವುದು ಒಟ್ಟು 110 ಅಂಕ. ಒಂದೇ ವಿದ್ಯೆಗೆ 20ರವರೆಗೆ ಸುರಿಯಬಹುದು. ಹೀಗಾಗಿ ಎಲ್ಲವನ್ನೂ ಕಲಿಯುವುದು ಸಾಧ್ಯವಿಲ್ಲ. ಯಾವುದನ್ನು ಬಿಡಬೇಕೆಂಬ ನಿರ್ಧಾರವೇ ಆಟಗಾರರು ‘ಬಿಲ್ಡ್’ ಎಂದು ಕರೆಯುವುದರ ತಿರುಳು.

ನಾನು ಏನನ್ನೂ ಬಿಡಲಿಲ್ಲ. ಬೆಂಕಿ, ಮಿಂಚು, ಹಿಮ ಮೂರಕ್ಕೂ ಒಂದಿಷ್ಟು ಹಂಚಿದೆ. ಮಾಂತ್ರಿಕೆಯಲ್ಲವೇ ಎಂದು ಮಂತ್ರಶಕ್ತಿಗೂ ಅಂಕಗಳನ್ನು ಸುರಿದೆ. ನಾರ್ಮಲ್ ಹಂತ ಸಲೀಸಾಗಿ ಮುಗಿಯಿತು, ನೈಟ್‌ಮೇರ್ ಹಂತದಲ್ಲಿ ಏದುಸಿರು ಬಂತು, ಹೆಲ್ ಹಂತದಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ಅವಳು ಸಾಯತೊಡಗಿದಳು. ಹಾಕಿದ ಅಂಕವನ್ನು ಹಿಂದಕ್ಕೆ ಪಡೆಯಲು ಆಗ ದಾರಿಯೇ ಇರಲಿಲ್ಲ. ಮತ್ತೆ ಒಂದನೇ ಲೆವೆಲ್‌ನಿಂದ ಆರಂಭಿಸಬೇಕಾಯಿತು.

ಎರಡನೆಯವಳನ್ನು ಬೆಳೆಸುವಾಗ ಪ್ರತಿ ಅಂಕಕ್ಕೂ ನನ್ನ ಬಳಿ ಕಾರಣವಿತ್ತು. ತೊಡಬೇಕಾದ ಕವಚಕ್ಕೆ ಎಷ್ಟು ಬೇಕೋ ಅಷ್ಟೇ ಬಲ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಪ್ರಾಣಶಕ್ತಿಗೆ. ಮಂತ್ರಕ್ಕೆ ಬೇಕಾದ ಶಕ್ತಿಯನ್ನು ಔಷಧಿಯಿಂದಲೂ ತೊಡುಗೆಗಳಿಂದಲೂ ತುಂಬಿಕೊಳ್ಳಬಹುದೆಂದು ಸೋತು ಕಲಿತಿದ್ದೆ. ಹೆಲ್ ಹಂತದಲ್ಲಿ ಬೆಂಕಿ ತಾಗದ, ಹಿಮ ನಾಟದ, ಮಿಂಚಿಗೆ ಜಗ್ಗದ ರಾಕ್ಷಸರು ಎದುರಾಗುತ್ತಾರೆ. ಒಂದೇ ವಿದ್ಯೆ ನೆಚ್ಚಿದವರು ಅಲ್ಲಿ ನಿಲ್ಲುತ್ತಾರೆ, ಮೂರನ್ನೂ ಹಿಡಿದವರು ಯಾವುದರಲ್ಲೂ ಸಾಲರು. ಹಾಗಾಗಿ ಎರಡನ್ನು ಆರಿಸಿಕೊಂಡೆ. ಅವಳು ಕೊನೆ ಮುಟ್ಟಿದಳು.

ನಾನು ಪಟ್ಟಿಗಳ ವಿರೋಧಿಯಲ್ಲ. ಅವು ಸಾವಿರಾರು ಜನರ ಸೋಲಿನಿಂದ ಹಿಂಡಿ ತೆಗೆದ ಸಾರ. ಆದರೆ ಏನು ಮಾಡಬೇಕೆಂಬುದನ್ನು ಹೇಳುವ ಪಟ್ಟಿ, ಏಕೆ ಎಂಬುದನ್ನು ಅಪರೂಪಕ್ಕೆ ಹೇಳುತ್ತದೆ. 2003ರಲ್ಲಿ ಈ ಆಟಕ್ಕೆ ಬಂದ 1.10ನೇ ತಿದ್ದುಪಡಿ, ಕೆಳಹಂತದ ವಿದ್ಯೆಗೆ ಹಾಕಿದ ಅಂಕ ಮೇಲಿನ ವಿದ್ಯೆಯ ಬಲವನ್ನೂ ಹೆಚ್ಚಿಸುವಂತೆ ನಿಯಮವನ್ನೇ ಬದಲಿಸಿತು. ಅದುವರೆಗೆ ಕೆಳಗಿನದು ದಂಡವೆಂದು ಅಂಕ ಕೂಡಿಟ್ಟುಕೊಳ್ಳುತ್ತಿದ್ದವರ ಲೆಕ್ಕಾಚಾರ ತಲೆಕೆಳಗಾಯಿತು. ಅಂಥ ಹೊತ್ತಿನಲ್ಲಿ ನೆರವಿಗೆ ಬರುವುದು ಕಾರಣ ಬಲ್ಲವರ ಬುದ್ಧಿ. ಬಾಯಿಪಾಠ ಮಾಡಿದವರು ಹೊಸ ಪಟ್ಟಿಗಾಗಿ ಕಾಯಬೇಕಾಗುತ್ತದೆ.

ನಮ್ಮ ಹುಡುಗನಿಗೆ ಆದದ್ದು ಇನ್ನೊಂದು ಬಗೆ. ಪಟ್ಟಿಯಂತೆ ಹಿಮವೊಂದಕ್ಕೇ ಅಂಕ ಸುರಿದು, ಎರಡು ವಾರದಲ್ಲಿ ಹೆಲ್ ತಲುಪಿದ. ಅಲ್ಲಿ ಹಿಮ ನಾಟದ ರಾಕ್ಷಸರು ಅಡ್ಡ ನಿಂತರು. ‘ಎಲ್ಲಾ ಹೇಳಿದ ಹಾಗೇ ಮಾಡಿದೀನಲ್ಲ ಮಾವ’ ಎಂದು ಮುಖ ಸಣ್ಣದು ಮಾಡಿದ. ಪಟ್ಟಿಯನ್ನು ಇಬ್ಬರೂ ಕುಳಿತು ಓದಿದೆವು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅಂಥ ರಾಕ್ಷಸರಿಲ್ಲದ ಆಯ್ದ ಜಾಗಗಳಿಗೆ ಮತ್ತೆ ಮತ್ತೆ ನುಗ್ಗಿ ಬೆಲೆಬಾಳುವ ತೊಡುಗೆಗಳನ್ನು ಬೇಗ ಕಲೆಹಾಕಲು ರೂಪಿಸಿದ ಬಿಲ್ಡ್ ಅದು. ಇವನಿಗೆ ಬೇಕಿದ್ದದ್ದು ಕತೆಯನ್ನು ಕೊನೆಯವರೆಗೆ ನೋಡುವುದು. ಅತ್ಯುತ್ತಮವೆಂದರೆ ಯಾವ ಕೆಲಸಕ್ಕೆ ಅತ್ಯುತ್ತಮ ಎಂಬ ಪ್ರಶ್ನೆಯನ್ನು ಅವನು ಕೇಳಿರಲೇ ಇಲ್ಲ.

ಅವನ ಅದೃಷ್ಟಕ್ಕೆ ಈಗ ತಿದ್ದಿಕೊಳ್ಳಲು ದಾರಿಯಿದೆ. 2010ರಲ್ಲಿ ಬಂದ 1.13ನೇ ತಿದ್ದುಪಡಿಯ ನಂತರ ಅಕಾರಾ ಎಂಬ ಪಾತ್ರದ ಬಳಿ ಹೋಗಿ, ಹಾಕಿದ ಅಂಕಗಳನ್ನೆಲ್ಲ ಮರಳಿ ಪಡೆದು ಹೊಸದಾಗಿ ಹಂಚಬಹುದು. ಮೂರು ಕಠಿಣತೆಯ ಹಂತಗಳಲ್ಲಿ ತಲಾ ಒಂದು ಬಾರಿ. ಅದಕ್ಕೂ ಮಿಕ್ಕಿ ಬೇಕಾದರೆ ಬೆವರು ಹರಿಸಿ ಗಳಿಸಬೇಕು. 2012ರ ‘ಡಯಾಬ್ಲೊ 3’ ಇನ್ನೂ ಮುಂದೆ ಹೋಗಿ, ವಿದ್ಯೆಗಳನ್ನು ಬೇಕೆಂದಾಗ ಬದಲಿಸಿಕೊಳ್ಳಲು ಬಿಟ್ಟಿತು. ಅಲ್ಲಿ ಆಯ್ಕೆಗೆ ತೂಕವೇ ಉಳಿಯಲಿಲ್ಲವೆಂದು ನನಗೆ ಅನ್ನಿಸಿದೆ. ಕ್ಷಮೆಯೇ ಇಲ್ಲದ ಆಟ ಹೊಸಬರನ್ನು ಪಟ್ಟಿಯ ಮೊರೆಹೋಗುವಂತೆ ಮಾಡುತ್ತದೆ. ಎಲ್ಲವನ್ನೂ ಕ್ಷಮಿಸುವ ಆಟ ಯೋಚಿಸುವ ಅಗತ್ಯವನ್ನೇ ತೆಗೆದುಬಿಡುತ್ತದೆ. ಎಣಿಸಿ ಕೊಟ್ಟ ಮೂರು ಅವಕಾಶಗಳೇ ನನ್ನ ದೃಷ್ಟಿಯಲ್ಲಿ ಸರಿಯಾದ ಏರ್ಪಾಡು.

ಇದನ್ನು ಬರೆಯುವಾಗ ಬೇರೊಂದು ನೆನಪು ಕಾಡುತ್ತಿದೆ. ಇದೇ ಹುಡುಗನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪಟ್ಟಿ ಹಿಡಿದು ಕುಳಿತವರಲ್ಲಿ ನಾನೂ ಒಬ್ಬ. ಪಿಯುಸಿಯಲ್ಲಿ ವಿಜ್ಞಾನ, ನಂತರ ಸಿಇಟಿ, ಆಮೇಲೆ ಎಂಜಿನಿಯರಿಂಗ್. ಎಲ್ಲರೂ ನಡೆದು ಸವೆಸಿದ ಹಾದಿ, ಮೋಸವಿಲ್ಲ ಎಂದಿದ್ದೆ. ‘ನಿನಗೇನು ಬೇಕು’ ಎಂದು ನಾವು ಯಾರೂ ಕೇಳಲಿಲ್ಲ. ಎರಡನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವನು ಎಂಜಿನಿಯರಿಂಗ್ ತೊರೆದು ಬಿ.ಎ.ಗೆ ಸೇರಿದಾಗ ಮನೆಮಂದಿಯೆಲ್ಲ ವರ್ಷ ಹಾಳಾಯಿತೆಂದು ಮರುಗಿದರು. ಟೈಮ್ ವೇಸ್ಟ್ ಎಂಬ ಮಾತನ್ನು ಅವನು ಕಲಿತದ್ದು ನಮ್ಮಿಂದಲೇ ಇರಬೇಕು.

ಅಂದು ರಾತ್ರಿ ಅವನು ಅಕಾರಾಳ ಬಳಿಗೆ ಹೋದ. ಮೊಬೈಲನ್ನು ಮಗುಚಿಟ್ಟು, ಕಾಗದದ ಮೇಲೆ ಲೆಕ್ಕ ಹಾಕಿ, ಹಿಮದ ಜೊತೆ ಬೆಂಕಿಯನ್ನೂ ಸೇರಿಸಿಕೊಂಡ. ಹೊಸ ಬಿಲ್ಡ್ ಪಟ್ಟಿಯದಕ್ಕಿಂತ ನಿಧಾನವೇ. ನಾಲ್ಕಾರು ಅಂಕಗಳು ನನ್ನ ಲೆಕ್ಕದಲ್ಲಿ ವ್ಯರ್ಥವಾಗಿದ್ದವು. ಬಾಯಿ ತುದಿಗೆ ಬಂದ ಸಲಹೆಯನ್ನು ನಾನು ನುಂಗಿಕೊಂಡೆ.